ಬ್ರೆಜಿಲ್ ಬರುವವರೆಗೆ ಮೈದಾನ ಚೆನ್ನಾಗಿತ್ತು

2017ರ ಅಕ್ಟೋಬರ್ 21ರಂದು ಗುವಾಹಟಿಯ ಸರುಸಜಾಯ್‌ನ ಇಂದಿರಾ ಗಾಂಧಿ ಅಥ್ಲೆಟಿಕ್ ಸ್ಟೇಡಿಯಂನಲ್ಲಿ ಮಾಲಿ ಮತ್ತು ಘಾನಾ ದೇಶದ ಹುಡುಗರು ಫುಟ್‌ಬಾಲ್ ಆಡಿದರು. ಹದಿನೇಳು ವರ್ಷದೊಳಗಿನವರ ವಿಶ್ವಕಪ್, ಕ್ವಾರ್ಟರ್ ಫೈನಲ್. ಸುರಿಯುವ ಮಳೆ. ಒದ್ದರೆ ಚೆಂಡಿಗಿಂತ ಮುಂಚೆ ನೀರು ಹೋಗುತ್ತಿತ್ತು. ನಮ್ಮ ಕಡೆಯವರು ನೋಡಿದ್ದರೆ ಇದು ಆಟವೋ ನಾಟಿಯೋ ಎಂದು ಕೇಳುತ್ತಿದ್ದರು. ಅಂತೂ ಇಂತೂ ತೊಂಬತ್ತು ನಿಮಿಷ ಮುಗಿಯಿತು, ಮಾಲಿ 2-1ರಿಂದ ಗೆದ್ದಿತು, ಎರಡೂ ಕಡೆಯವರು ಕೆಸರು ತೊಳೆದುಕೊಂಡು ಹೋದರು. ಈ ಪಂದ್ಯವನ್ನು ಬೇರೆ ಊರಿಗೆ ಒಯ್ಯೋಣ ಎಂದು ಆವತ್ತು ಯಾರಿಗೂ ಹೊಳೆಯಲಿಲ್ಲ.

ಅದೇ ಮೈದಾನದಲ್ಲಿ 25ನೇ ತಾರೀಖು ಸೆಮಿಫೈನಲ್ ಇತ್ತು. ಆಡಬೇಕಾದವರು ಬ್ರೆಜಿಲ್ ಮತ್ತು ಇಂಗ್ಲೆಂಡ್. 23ರಂದು ಫಿಫಾ ಬಾಯಿಬಿಟ್ಟಿತು: ಮೈದಾನದ ಸ್ಥಿತಿ ಸರಿಯಿಲ್ಲ, ಪಂದ್ಯ ಕೋಲ್ಕತ್ತಾಗೆ ಹೋಗುತ್ತದೆ.

ಮಳೆ ಬಿಡದೆ ಹಿಡಿದಿತ್ತು, ಹುಲ್ಲು ಕಿತ್ತುಬಂದಿತ್ತು, ಎಲ್ಲ ನಿಜ. ಆಟಗಾರರ ಕಾಲು ಮುರಿದರೆ ಯಾರು ಹೊಣೆ ಎಂಬುದೂ ನಿಜ. ಆದರೆ ಮಾಲಿಯ ಹುಡುಗರಿಗೂ ತಲೆಗೆ ಎರಡೆರಡೇ ಕಾಲು ಇದ್ದವಲ್ಲ? ಮುರಿದಿದ್ದರೆ ಅವೂ ಮುರಿಯುತ್ತಿದ್ದವು. ಮೈದಾನಕ್ಕೆ ಸ್ವಂತ ಯೋಗ್ಯತೆ ಎಂಬುದೇನೂ ಇರುವುದಿಲ್ಲ, ಬರುವ ನೆಂಟರನ್ನು ನೋಡಿ ಅದು ಕೆಡುತ್ತದೆ ಎಂದು ನನಗೆ ಆವತ್ತೇ ಅನುಮಾನ ಬಂತು.

ಗುವಾಹಟಿಯಲ್ಲಿ ಟಿಕೆಟ್ ಕೊಂಡವರಿಗೆ ಹಣ ವಾಪಸ್ ಎಂದರು. ಎರಡು ದಿನದಲ್ಲಿ ಕೋಲ್ಕತ್ತಾದ ಸಾಲ್ಟ್‌ಲೇಕ್ ಸ್ಟೇಡಿಯಂನಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದರು. ಇಂಗ್ಲೆಂಡಿನ ರಿಯಾನ್ ಬ್ರೂಸ್ಟರ್ ಒಬ್ಬನೇ ಮೂರು ಗೋಲು ಹೊಡೆದ, ಬ್ರೆಜಿಲ್ 1-3ರಿಂದ ಸೋತಿತು. ಅಷ್ಟು ಮುತುವರ್ಜಿಯಿಂದ ಹುಡುಕಿಕೊಟ್ಟ ಹುಲ್ಲಿನ ಮೇಲೆ! ಕೆಸರಿನಲ್ಲಿ ಗೆದ್ದ ಮಾಲಿ ಅದೇ ದಿನ ನವಿ ಮುಂಬೈಯ ಹಸನಾದ ಮೈದಾನದಲ್ಲಿ ಸ್ಪೇನ್ ಎದುರು 1-3ರಿಂದಲೇ ಸೋತಿತು. ಅವರಿಗೆ ಕೆಸರಿನ ಅಭ್ಯಾಸವಾಗಿಬಿಟ್ಟಿತ್ತೇನೋ.

ಇದೇ ಕೋಲ್ಕತ್ತಾದಲ್ಲಿ 1977ರ ಸೆಪ್ಟೆಂಬರ್‌ನಲ್ಲಿ ಪೆಲೆ ಬಂದು ಮೋಹನ್ ಬಗಾನ್ ಎದುರು ಆಡಿದ್ದರು. ಆಡಿದ್ದು ಕ್ರಿಕೆಟ್ಟಿನ ಈಡನ್ ಗಾರ್ಡನ್ಸ್‌ನಲ್ಲಿ, ಮಳೆಗೆ ನೆಂದ ನೆಲದ ಮೇಲೆ. 2-2. ಮೂರು ವಿಶ್ವಕಪ್ ಗೆದ್ದ ಕಾಲುಗಳು ಆ ರಾಡಿಯಲ್ಲಿ ನಡೆದಾಡಿ ಊರಿಗೆ ಸುರಕ್ಷಿತವಾಗಿ ತಲುಪಿದವು. ಈಗಿನ ಕಾಲವಾಗಿದ್ದರೆ ಆ ಪಂದ್ಯ ದುಬೈಯಲ್ಲಿ ನಡೆಯುತ್ತಿತ್ತು.

ಗುವಾಹಟಿಯವರಿಗೆ ಮಳೆಯೊಡನೆ ಹಳೇ ವ್ಯಾಜ್ಯವಿದೆ. 2020ರ ಜನವರಿಯಲ್ಲಿ ಭಾರತ–ಶ್ರೀಲಂಕಾ ಟಿ20 ಪಂದ್ಯಕ್ಕೆ ಅಲ್ಲಿನ ಬರ್ಸಾಪಾರಾ ಮೈದಾನದ ಪಿಚ್ ನೆಂದಿತು. ಹೊದಿಕೆಯೇ ಸೋರಿತ್ತು. ಆಗ ಪಿಚ್ ಒಣಗಿಸಲು ಏನು ತಂದರು ಗೊತ್ತೇ? ಹೇರ್ ಡ್ರೈಯರ್. ಅದು ಸಾಲದೆ ಹಬೆ ಬಿಡುವ ಇಸ್ತ್ರಿಪೆಟ್ಟಿಗೆ. ಜಗತ್ತಿನ ಅತ್ಯಂತ ಶ್ರೀಮಂತ ಕ್ರಿಕೆಟ್ ಮಂಡಳಿಯ ನೌಕರರು ಮೊಣಕಾಲೂರಿ ಕೂತು ಭೂಮಿತಾಯಿಗೆ ಇಸ್ತ್ರಿ ಹಾಕುವುದನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. ಪಂದ್ಯ ಒಂದೂ ಎಸೆತ ಕಾಣದೆ ರದ್ದಾಯಿತು. ಗರಿ ಮಾತ್ರ ಚೆನ್ನಾಗಿ ಕೂತಿತ್ತು.

ನಮ್ಮನ್ನು ಮಾತ್ರ ಆಡಿಕೊಳ್ಳುವುದು ಬೇಡ. ಮೆಕ್ಸಿಕೋದ ಅಜ್ಟೆಕಾ ಸ್ಟೇಡಿಯಂ 1970 ಮತ್ತು 1986ರ ವಿಶ್ವಕಪ್ ಫೈನಲ್‌ಗಳನ್ನು ಕಂಡದ್ದು; ಮರಡೋನಾ ಕೈಯಲ್ಲೊಂದು ಕಾಲಲ್ಲೊಂದು ಗೋಲು ಹೊಡೆದದ್ದು ಅಲ್ಲೇ. 2018ರ ನವೆಂಬರ್‌ನಲ್ಲಿ ಅಲ್ಲಿ ಅಮೆರಿಕನ್ ಫುಟ್‌ಬಾಲ್ ಪಂದ್ಯವಿತ್ತು. ಹೆಸರಿಗೆ ಫುಟ್‌ಬಾಲ್, ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಓಡುವುದು. ಆ ವರ್ಷವೇ ಹೊಸ ಹುಲ್ಲು ಹಾಸಿದ್ದರು. ಅದರ ಮೇಲೆ ಮಳೆ ಬಿತ್ತು, ಸ್ಥಳೀಯ ತಂಡಗಳು ಆಡಿದವು, ಸಾಲದ್ದಕ್ಕೆ ಗಾಯಕಿ ಶಕೀರಾ ಬಂದು ಹಾಡಿ ಕುಣಿದು ಹೋದರು. ಆರು ದಿನ ಬಾಕಿ ಇರುವಾಗ ಅಮೆರಿಕನ್ನರು ಪಂದ್ಯವನ್ನು ಗಂಟುಕಟ್ಟಿ ಲಾಸ್ ಏಂಜಲಿಸ್‌ಗೆ ಒಯ್ದರು. ಮೆಕ್ಸಿಕೋ ಸಿಟಿಯ ಎತ್ತರಕ್ಕೆ ಉಸಿರು ಪಳಗಲಿ ಎಂದು ಲಾಸ್ ಏಂಜಲಿಸ್ ತಂಡ ಕೊಲೊರಾಡೊ ಬೆಟ್ಟದ ಸೀಮೆಗೆ ಹೋಗಿ ಅಭ್ಯಾಸ ಮಾಡಿತ್ತು. ಪಳಗಿದ ಉಸಿರನ್ನು ಹೊತ್ತುಕೊಂಡು ವಾಪಸ್ ಮನೆಗೇ ಬಂದು ಆಡಿ 54-51ರಿಂದ ಗೆದ್ದರು. ಶಕೀರಾ ಮಾಡಿದ ಹಾನಿಯನ್ನು ಯಾರೂ ಆಕೆಯ ಲೆಕ್ಕಕ್ಕೆ ಬರೆಯಲಿಲ್ಲ, ತಪ್ಪೆಲ್ಲ ಹುಲ್ಲಿನದು.

ಬೆಂಗಳೂರಿಗೆ ಬನ್ನಿ. ಚಿನ್ನಸ್ವಾಮಿ ಸ್ಟೇಡಿಯಂನ ಹುಲ್ಲಿನ ಕೆಳಗೆ 2017ರಿಂದ ಮಳೆನೀರು ಹೀರುವ ಯಂತ್ರವಿದೆ. ಎಂಥ ಮಳೆ ಬಂದು ನಿಂತರೂ ಸ್ವಲ್ಪ ಹೊತ್ತಿಗೆಲ್ಲ ಮೈದಾನ ಆಟಕ್ಕೆ ಸಿದ್ಧ. ಬೆಂಗಳೂರಿಗರು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಆ ಮೈದಾನದ ಸ್ಥಿತಿ ಬಗ್ಗೆ ಯಾರೂ ಬೆರಳು ತೋರಿಸುವಂತಿರಲಿಲ್ಲ. 2025ರ ಜೂನ್ 4ರಂದು ಆರ್‌ಸಿಬಿ ಕಪ್ ಗೆದ್ದ ಸಂಭ್ರಮಕ್ಕೆ ಬಂದವರಲ್ಲಿ ಹನ್ನೊಂದು ಜನ ಗೇಟಿನ ಹೊರಗೆ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ನೀರು ಹೋಗಲು ದಾರಿ ಮಾಡಿದ್ದೆವು, ಜನ ಹೋಗಲು ಮಾಡಿರಲಿಲ್ಲ. ಆ ವರ್ಷದ ಮಹಿಳಾ ಕ್ರಿಕೆಟ್ ವಿಶ್ವಕಪ್ಪಿನ ಊರುಗಳ ಪಟ್ಟಿಯಲ್ಲಿ ಬೆಂಗಳೂರಿನ ಜಾಗಕ್ಕೆ ನವಿ ಮುಂಬೈ ಬಂತು. ನಮ್ಮ ಹೆಣ್ಣುಮಕ್ಕಳು ನವೆಂಬರ್ 2ರಂದು ಕಪ್ ಎತ್ತಿದ್ದೂ ಅಲ್ಲೇ.

ಇನ್ನು ನಮ್ಮ ಅನಂತಪುರದ್ದು. ಅಲ್ಲಿ ಸ್ಪೇನಿನಿಂದ ಬಂದ ವಿಸೆಂಟ್ ಫೆರರ್ 1969ರಲ್ಲಿ ಕಟ್ಟಿದ ಆರ್‌ಡಿಟಿ ಸಂಸ್ಥೆಯ ಕ್ರೀಡಾಗ್ರಾಮವಿದೆ. ಮಳೆ ಮುಖ ತೋರಿಸದ ಸೀಮೆಯಲ್ಲಿ ಕಣ್ಣಿಗೆ ತಂಪಾಗುವಷ್ಟು ಹಸಿರು. 2024ರ ಸೆಪ್ಟೆಂಬರ್‌ನಲ್ಲಿ ದುಲೀಪ್ ಟ್ರೋಫಿ ಇಲ್ಲಿ ನಡೆಯುತ್ತದೆ ಎಂದಾಗ ನಾವೆಲ್ಲ ಬಟ್ಟೆ ಒಗೆಸಿ ಕಾದೆವು. ಮೊದಲ ಸುತ್ತಿನ ಒಂದು ಪಂದ್ಯ ಬೆಂಗಳೂರಿಗೆ ಹೋಯಿತು. ಮೈದಾನ ಸರಿಯಿಲ್ಲವೇ? ಚೆನ್ನಾಗಿದೆ. ಮಳೆಯೇ? ಅನಂತಪುರದಲ್ಲಿ ಆ ಪ್ರಶ್ನೆ ಕೇಳಿದರೆ ಜನ ಅತ್ತುಬಿಡುತ್ತಾರೆ. ಅನಂತಪುರಕ್ಕೆ ವಿಮಾನ ಇಲ್ಲ, ಅದಕ್ಕೇ ಎಂದು ಆಗ ಪತ್ರಿಕೆಗಳಲ್ಲಿ ಬಂತು. ಬೆಂಗಳೂರಿನಿಂದ ಇನ್ನೂರು ಕಿಲೋಮೀಟರ್ ಚಿಲ್ಲರೆ ದೂರ. ನಮ್ಮ ಹುಡುಗರು ಆ ದಾರಿಯನ್ನು ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು ಹೋಗಿ ಗಾರೆ ಕೆಲಸ ಮಾಡಿ ಬರುತ್ತಾರೆ. ಹಾಗೆ ನೋಡಿದರೆ ಮೈದಾನ ಚೆನ್ನಾಗಿದ್ದರೂ ಪಂದ್ಯ ಹೋಗುತ್ತದೆ, ಕೆಟ್ಟಿದ್ದರೂ ಹೋಗುತ್ತದೆ. ನಿಲ್ಲುವ ಮನಸ್ಸಿದ್ದರೆ ಈಡನ್ ಗಾರ್ಡನ್ಸಿನ ರಾಡಿಯಲ್ಲೂ ನಿಲ್ಲುತ್ತದೆ.

ಈ ವಿಚಾರ ನಮ್ಮ ರತ್ನಗಿರಿ ಕಡೆಯ ಒಬ್ಬ ಡ್ರಿಲ್ ಮೇಷ್ಟ್ರ ಮುಂದೆ ಎತ್ತಿದೆ. ರತ್ನಗಿರಿ ಗೊತ್ತಿಲ್ಲದವರಿಗೆ: ಮಡಕಶಿರಾ ಸೀಮೆಯ ರೊಳ್ಳ ಮಂಡಲ, ಬೆಟ್ಟದ ಮೇಲೆ ಕೋಟೆ, ಬಾಯಲ್ಲಿ ಕನ್ನಡ, ಬೋರ್ಡಿನಲ್ಲಿ ತೆಲುಗು. ಸಿರಾ, ಮಧುಗಿರಿ, ಪಾವಗಡ ಸುತ್ತಲೂ ಕೂತು ಆಂಧ್ರವನ್ನು ಇಣುಕಿ ನೋಡುವ ಜಾಗ. ಇಲ್ಲಿ ಆಚೆ ಊರಿನ ಹುಡುಗರೊಡನೆ ಆಡಿದರೆ ಅದೇ ಅಂತರರಾಜ್ಯ ಪಂದ್ಯ.

"ಅಣ್ಣ, ಫಿಫಾದವ್ರು ನಮ್ ಗ್ರೌಂಡಿಗೆ ಬಂದ್ರೆ ಏನ್ ಕೇಳ್ತಾರೆ?" ಅಂದರು ಮೇಷ್ಟ್ರು.

ಮೊದಲು ಅಳತೆ ಕೇಳುತ್ತಾರೆ ಮೇಷ್ಟ್ರೇ, ನೂರೈದು ಮೀಟರ್ ಉದ್ದ, ಅರವತ್ತೆಂಟು ಅಗಲ.

"ಐತೆ. ಉದ್ದುಕ್ಕೆ ಐತೆ. ಅಗಲದಾಗೆ ಪಕ್ಕದ ಜಮೀನ್ನೋರು ಪ್ರತಿ ವರ್ಷ ಒಂದ್ ಸಾಲು ಒಳಿಕ್ ಬತ್ತಾರೆ. ಅದುಕ್ಕೆ ನಮ್ ಹುಡುಗ್ರು ಲೆಫ್ಟ್ ವಿಂಗಾಗೆ ಆಡಾದೇ ಬಿಟ್ಬಿಟ್ರು."

ಹುಲ್ಲು ಎರಡೂವರೆ ಸೆಂಟಿಮೀಟರ್ ಇರಬೇಕು.

"ಸೀಮೆಜಾಲಿ ಐತೆ. ಎಷ್ಟು ಬೇಕೋ ಅಷ್ಟುಕ್ಕೆ ಕತ್ತರಿಸಿಕೊಡಾನ."

ನೀರು ಬಸಿದು ಹೋಗುವ ವ್ಯವಸ್ಥೆ?

ಮೇಷ್ಟ್ರು ಬಹಳ ಹೊತ್ತು ನಕ್ಕರು. ವರ್ಷಕ್ಕೆ ಐನೂರೈವತ್ತು ಮಿಲಿಮೀಟರ್ ಆಸುಪಾಸು ಮಳೆ ಬೀಳುವ, ಅದೂ ಬೀಳಬೇಕಾದಾಗ ಬೀಳದ ಸೀಮೆಯಲ್ಲಿ ಬಸಿಯಲು ಏನಿದೆ? ಮೈದಾನದ ನಟ್ಟ ನಡುವೆ, ಸೆಂಟರ್ ಸರ್ಕಲ್ ಇರಬೇಕಾದ ಜಾಗದಲ್ಲಿ, ಫೇಲಾದ ಒಂದು ಬೋರ್‌ವೆಲ್ಲಿನ ಕೇಸಿಂಗ್ ಪೈಪು ಮೊಣಕಾಲೆತ್ತರಕ್ಕೆ ನಿಂತಿದೆ. ಮೇಲೆ ಚಪ್ಪಡಿ ಮುಚ್ಚಿದ್ದಾರೆ. ಆಟ ಶುರುವಾಗುವ ಮುನ್ನ ಚೆಂಡನ್ನು ಆ ಚಪ್ಪಡಿ ಮೇಲೆ ಇಡುತ್ತಾರೆ. ಒಂದು ಕಡೆ ಗೋಲಿಗೆ ಕಬ್ಬಿಣದ ಪೈಪು, ಇನ್ನೊಂದು ಕಡೆ ಎರಡು ಸ್ಕೂಲ್ ಬ್ಯಾಗು. ನೆಲ ಪೂರ್ತಿ ಗರಸು. ಬಿದ್ದ ಹುಡುಗನ ಮೊಣಕೈ ತಿಂಗಳುಗಟ್ಟಲೆ ಮಾಯುವುದಿಲ್ಲ. ಸುಗ್ಗಿಯಲ್ಲಿ ಅರ್ಧ ಮೈದಾನಕ್ಕೆ ಕಡ್ಲೆಕಾಯಿ ಹರಡುತ್ತಾರೆ. ಆಗ ಚೆಂಡು ಅದರೊಳಗೆ ಹೋದರೆ ಥ್ರೋ ಇನ್ ಎಂದು ನಿಯಮ. ಚೆಂಡು ತರಲು ಹೋದವನು ಬೇಗ ಬರದಿದ್ದರೆ, ಜೇಬು ತುಂಬಿಸಿಕೊಳ್ಳುತ್ತಿದ್ದಾನೆ ಎಂದು ತಿಳಿದು ರೆಫರಿ ಸೀಟಿ ಊದುತ್ತಾರೆ.

"ಹಂಗಾದ್ರೆ ನಾವು ಪಾಸಾ ಫೇಲಾ?" ಮೇಷ್ಟ್ರು ಕೇಳಿದರು.

ಫೇಲಾಗಬೇಕಾದರೂ ಯಾರಾದರೂ ಪರೀಕ್ಷೆಗೆ ಬರಬೇಕಲ್ಲ ಮೇಷ್ಟ್ರೇ ಅಂದೆ.

ಪಂದ್ಯ ಸ್ಥಳಾಂತರ ಎಂದರೆ ನಮ್ಮವರಿಗೆ ಹೊಸದೂ ಏನಲ್ಲ. ನಮ್ಮಲ್ಲಿ ಅದು ತಿರುವುಮುರುವು ನಡೆಯುತ್ತದೆ ಅಷ್ಟೆ. ಆಟ ಇದ್ದಲ್ಲೇ ಇರುತ್ತದೆ, ಆಟಗಾರರು ಇದ್ದಲ್ಲೇ ಇರುತ್ತಾರೆ, ಮೈದಾನವನ್ನು ಎತ್ತಿ ಬೇರೆ ಕಡೆ ಇಡುತ್ತಾರೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಚೆ ಹೋದವು, ಬಳ್ಳಾರಿ ಮೈಸೂರಿಗೆ ಬಂತು. ರಾಯದುರ್ಗದವರು ರಾತ್ರಿ ಬಳ್ಳಾರಿ ಜಿಲ್ಲೆಯಲ್ಲಿ ಮಲಗಿದವರು ಬೆಳಿಗ್ಗೆ ಬೇರೆ ಜಿಲ್ಲೆಯಲ್ಲಿ ಎದ್ದರು. ಬೆಟ್ಟ ಅಲ್ಲೇ, ಕೋಟೆ ಅಲ್ಲೇ, ಮೊಳಕಾಲ್ಮೂರಿನ ನೆಂಟರೂ ಅಲ್ಲೇ. ಸ್ಕೋರ್‌ಬೋರ್ಡ್ ಮಾತ್ರ ತೆಲುಗಾಯಿತು. ಟಿಕೆಟ್ಟಿನ ದುಡ್ಡು ಯಾರೂ ವಾಪಸ್ ಕೊಡಲಿಲ್ಲ. ಆಮೇಲೆ 2022ರ ಏಪ್ರಿಲ್‌ನಲ್ಲಿ ಮಡಕಶಿರಾವನ್ನು ಅನಂತಪುರದಿಂದ ಎತ್ತಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಇಟ್ಟರು, ಜಿಲ್ಲಾ ಕೇಂದ್ರ ಪುಟ್ಟಪರ್ತಿ. ಮೇಷ್ಟ್ರ ಮೈದಾನದ ಅರ್ಜಿ ಆ ಹೊತ್ತಿಗೆ ಹಳೇ ಜಿಲ್ಲೆಯ ಯಾವುದೋ ಮೇಜಿನ ಮೇಲಿತ್ತು. ಹೊಸ ಜಿಲ್ಲೆಯಲ್ಲಿ ಕೇಳಿದರೆ ಹೊಸ ಅರ್ಜಿ ಹಾಕಿ ಅಂದರು. ಮೇಷ್ಟ್ರು ಹಾಕಿದರು. ಹಳೇ ಅರ್ಜಿಯಲ್ಲಿ ಫಾರ್ವರ್ಡ್ ಎಂದು ಹೆಸರು ಬರೆದಿದ್ದ ಹುಡುಗ ಅಷ್ಟರಲ್ಲಿ ರಾಯದುರ್ಗಕ್ಕೆ ಜೀನ್ಸ್ ಹೊಲಿಯಲು ಹೋಗಿದ್ದ. ಗೋಲ್‌ಕೀಪರ್ ಬೆಂಗಳೂರಿನ ಪೀಣ್ಯದಲ್ಲಿ ಸೆಕ್ಯೂರಿಟಿ. ಗೇಟು ಕಾಯುವುದು ಅವನಿಗೆ ಬರುತ್ತಿತ್ತು.

ಹಾಗೆಂದು ನಮ್ಮ ಮೈದಾನ ಎಂದೂ ಸರಿಹೋಗುವುದಿಲ್ಲ ಎಂದುಕೊಳ್ಳಬೇಡಿ. ದೊಡ್ಡವರು ಹೆಲಿಕಾಪ್ಟರಿನಲ್ಲಿ ಬರುವ ಸುದ್ದಿ ಬಂದರೆ ಸಾಕು. ಅದುವರೆಗೆ ಅನುದಾನ ಇಲ್ಲ, ಜೆಸಿಬಿ ಇಲ್ಲ, ಆಳು ಇಲ್ಲ ಎನ್ನುತ್ತಿದ್ದವರು ಮೂರೂ ತರುತ್ತಾರೆ. ಸೀಮೆಜಾಲಿ ಬೇರುಸಮೇತ ಹೋಗುತ್ತದೆ, ಪಕ್ಕದ ಜಮೀನಿನವರು ತಾವಾಗೇ ನಾಲ್ಕು ಸಾಲು ಹಿಂದೆ ಸರಿಯುತ್ತಾರೆ. ಧೂಳು ಏಳದಿರಲೆಂದು ಟ್ಯಾಂಕರಿನಲ್ಲಿ ನೀರು ತಂದು ಚೆಲ್ಲುತ್ತಾರೆ. ಪಕ್ಕದ ಬೀದಿಯ ಹೆಂಗಸರು ಖಾಲಿ ಬಿಂದಿಗೆ ಹಿಡಿದು ಅದನ್ನು ನೋಡುತ್ತ ನಿಲ್ಲುತ್ತಾರೆ. ರೋಲರ್ ಹೊಡೆದು, ನಡುವೆ ಸುಣ್ಣದಲ್ಲಿ ವೃತ್ತ ಬರೆದು, ಒಳಗೆ ದೊಡ್ಡ ಎಚ್ ಅಕ್ಷರ ಹಾಕುತ್ತಾರೆ. ಈಗಿನದಕ್ಕೂ ಮುಂಚೆ ಇದ್ದ ಕೇಸಿಂಗ್ ಪೈಪನ್ನು ನೆಲಮಟ್ಟಕ್ಕೆ ಕೊಯ್ದದ್ದೂ ಅಂಥದೇ ಒಂದು ಸಂದರ್ಭದಲ್ಲಿ; ಮುಂದೆ ಯಾರೋ ಹೊಸದೊಂದು ಕೊರೆಸಿದರು, ಅದೂ ಫೇಲಾಯಿತು. ಅಧಿಕಾರಿಗಳು ಬಂದು ಮೂಲೆ ಮೂಲೆ ನಡೆದು ಪರೀಕ್ಷೆ ಮಾಡುತ್ತಾರೆ. ಗಾಳಿ ಯಾವ ಕಡೆ ಬೀಸುತ್ತದೆ, ನೆಲ ಎಷ್ಟು ಇಳಿಜಾರು, ಕಲ್ಲು ಏನಾದರೂ ಉಳಿದಿದೆಯೇ ಎಂದು ನೋಡುತ್ತಾರೆ. ಫಿಫಾದವರೂ ಅಷ್ಟು ಕೂಲಂಕಷವಾಗಿ ನೋಡಿರಲಾರರು. ಹುಡುಗರ ಪಂದ್ಯವನ್ನು ಮಾತ್ರ ಆವತ್ತು ಬತ್ತಿದ ಕೆರೆಯಂಗಳಕ್ಕೆ ಸ್ಥಳಾಂತರಿಸುತ್ತಾರೆ. ಮೈದಾನ ತೀರ ಚೆನ್ನಾಗಿದೆ ಎಂಬ ಕಾರಣಕ್ಕೆ.

ಹೆಲಿಕಾಪ್ಟರ್ ಅರ್ಧ ಗಂಟೆಯಲ್ಲಿ ಹೋಗಿಬಿಡುತ್ತದೆ. ಸುಣ್ಣದ ವೃತ್ತ ಒಂದು ವಾರವಾದರೂ ಇರುತ್ತದೆ. ಆ ಒಂದು ವಾರ ನಮ್ಮ ಹುಡುಗರಿಗೆ ಅಳತೆಗೆ ಸರಿಯಾದ ಸೆಂಟರ್ ಸರ್ಕಲ್ ಇರುತ್ತದೆ, ಲೆಫ್ಟ್ ವಿಂಗ್ ಇರುತ್ತದೆ, ಬಿದ್ದರೆ ಮೊಣಕೈ ತರಚುವುದಿಲ್ಲ. ಹೋದ ಸಲ ಆ ವಾರದಲ್ಲೇ ಮೇಷ್ಟ್ರು ಗಡಿಯಾಚೆಯ ಹುಡುಗರನ್ನು ಕರೆಸಿ ಅಂತರರಾಜ್ಯ ಪಂದ್ಯ ಮುಗಿಸಿಬಿಟ್ಟರು. ಈಗ ಆ ಹುಡುಗರಿಗೆ ಯಾವ ನಾಯಕರ ಮೇಲೂ ಸಿಟ್ಟಿಲ್ಲ, ಯಾವ ಪಕ್ಷ ಗೆದ್ದರೂ ಬೇಸರವಿಲ್ಲ. ಅಕ್ಕಪಕ್ಕದ ಕ್ಷೇತ್ರದ ಯಾರಾದರೂ ಶಾಸಕರು ಆಸ್ಪತ್ರೆ ಸೇರಿದರೆಂದು ಸುದ್ದಿ ಬಂದರೆ ಮಾತ್ರ, ಪಾಪ, ಚೆಂಡಿಗೆ ಗಾಳಿ ತುಂಬಿಸಿ ಇಟ್ಟುಕೊಳ್ಳುತ್ತಾರೆ.