ಮೊಳದುದ್ದದ ಆಂಟೆನಾದ ರಾಯರು

ಹವ್ಯಾಸಿ ರೇಡಿಯೋದವರು, ಅಂದರೆ ಹ್ಯಾಮ್‌ಗಳು, ಬ್ಯಾಂಡಿನಲ್ಲಿ ರಾಜಕೀಯ ಮಾತಾಡುವುದಿಲ್ಲ, ಧರ್ಮದ ವಿಷಯ ಎತ್ತುವುದಿಲ್ಲ. ಅದು ನಮ್ಮ ಶಿಷ್ಟಾಚಾರ. ಹಾಗಾಗಿ ಮನುಷ್ಯಸಹಜವಾದ ಸಿಟ್ಟನ್ನೆಲ್ಲ ಆಂಟೆನಾ ಚರ್ಚೆಗೆ ಎತ್ತಿಟ್ಟಿರುತ್ತೇವೆ. ಹ್ಯಾಮ್‌ಗಳು ನಾಲ್ಕು ಜನ ಸೇರಿದಲ್ಲೆಲ್ಲ ಒಬ್ಬರಾದರೂ ಹೀಗಿರುತ್ತಾರೆ: ನಿವೃತ್ತರು, ಮೃದುಭಾಷಿಗಳು, ಬಟ್ಟೆ ಚೀಲದಲ್ಲಿ ಒಂದು ಪಿವಿಸಿ ಪೈಪಿನ ತುಂಡು. ಕಾಫಿ ಬರುವ ತನಕ ಸುಮ್ಮನಿದ್ದು, ಆಮೇಲೆ ಆ ತುಂಡನ್ನು ಮೇಜಿನ ಮೇಲಿಟ್ಟು, "ನಲವತ್ತು ಮೀಟರ್ ಬ್ಯಾಂಡಿಗೆ ಇಷ್ಟು ಸಾಕು ಸಾರ್" ಅನ್ನುತ್ತಾರೆ. ಅಲ್ಲಿಗೆ ಆ ಸಂಜೆ ಮುಗಿಯಿತು.

ಇಂಥವರು ಹುಟ್ಟುವುದಕ್ಕೆ ನಮ್ಮ ಬೆಂಗಳೂರಿನ ಸೈಟುಗಳೇ ಕಾರಣ ಎಂದು ನನ್ನ ನಂಬಿಕೆ. ನಲವತ್ತು ಮೀಟರ್ ಬ್ಯಾಂಡ್ ಅಂದರೆ 7 ಮೆಗಾಹರ್ಟ್ಸ್ ಆಸುಪಾಸು. ಅಲ್ಲಿ ಅಲೆಯ ಉದ್ದ ಸುಮಾರು 40 ಮೀಟರ್, ಅದರ ಅರ್ಧದಷ್ಟು ತಂತಿ ಕಟ್ಟಿದರೆ ಡೈಪೋಲ್. ಲೆಕ್ಕಕ್ಕೆ 66 ಅಡಿ. 30×40 ಸೈಟಿನಲ್ಲಿ ಮೂಲೆಯಿಂದ ಮೂಲೆಗೆ ಎಳೆದರೂ ಸಿಗುವುದು ಸರಿಯಾಗಿ 50 ಅಡಿ. ಮಿಕ್ಕ 16 ಅಡಿಗೆ ಪಕ್ಕದ ಮನೆಯವರ ಕೃಪೆ ಬೇಕು. ಇನ್ನು ಫ್ಲ್ಯಾಟಿನವರ ಪಾಡು ಕೇಳಬೇಡಿ. ಟೆರೇಸಿನ ಮೇಲೆ ಸಂಡಿಗೆ ಒಣಗಿಸಲಿಕ್ಕೇ ಅಸೋಸಿಯೇಷನ್ನಿನ ಒಪ್ಪಿಗೆ ಕೇಳುವ ಕಾಲ. ತಂತಿ ಎಳೆಯುತ್ತೇನೆ ಅಂದವನನ್ನು ಸೆಕ್ಯುರಿಟಿಯವನು ಗೇಟಿನಲ್ಲೇ ವಿಚಾರಿಸಿಕೊಳ್ಳುತ್ತಾನೆ.

ನನ್ನ ಪಾಲಿಗೆ ಬಂದ ರಾಯರು ಎರಡನೇ ಮಹಡಿಯ ಫ್ಲ್ಯಾಟಿನವರು. ಅವರ ಬಾಲ್ಕನಿಯಲ್ಲಿ ತುಳಸಿ ಕುಂಡಕ್ಕೂ ಬಟ್ಟೆ ಒಣಗಿಸುವ ಹಗ್ಗಕ್ಕೂ ನಡುವೆ ಆ ಪೈಪು ನಿಂತಿದೆ. ಮೇಲೊಂದು ತಾಮ್ರದ ಹಾಳೆ, ಕೆಳಗೊಂದು, ಬುಡದಲ್ಲಿ ಸುರುಳಿ. 1980ರ ದಶಕದ ಕೊನೆಯಲ್ಲಿ ಸ್ಕಾಟ್‌ಲೆಂಡ್, ಈಜಿಪ್ಟ್ ಕಡೆಯಿಂದ 'ಕ್ರಾಸ್ಡ್ ಫೀಲ್ಡ್' ಎಂಬ ಆಂಟೆನಾದ ಸುದ್ದಿ ಹಬ್ಬಿತ್ತು. ಆಮೇಲೆ ಅಮೆರಿಕದಿಂದ 'ಇ-ಎಚ್' ಅಂತ ಅದರ ತಮ್ಮ ಬಂತು. ವಿದ್ಯುತ್ ಕ್ಷೇತ್ರವನ್ನೂ ಕಾಂತಕ್ಷೇತ್ರವನ್ನೂ ಬೇರೆ ಬೇರೆಯಾಗಿ ತಯಾರಿಸಿ, ತಾಳ ಹೊಂದಿಸಿ ಒಂದಾಗಿಸಿದರೆ ಉದ್ದನೆಯ ತಂತಿಯೇ ಬೇಡ ಎಂಬುದು ವಾದ. ಎಲ್ಲದರ ಜೆರಾಕ್ಸೂ ರಾಯರ ಹತ್ತಿರ ಇದೆ. ಆ ಎರಡು ಕ್ಷೇತ್ರಗಳನ್ನು ಹಾಗೆ ಬಿಡಿಬಿಡಿಯಾಗಿ ತಯಾರಿಸಲು ಬರುವುದಿಲ್ಲ, ಒಂದು ಬದಲಾದರೆ ಇನ್ನೊಂದು ಹುಟ್ಟಿಯೇ ಹುಟ್ಟುತ್ತದೆ, ಮ್ಯಾಕ್ಸ್‌ವೆಲ್ 1865ರಲ್ಲೇ ಬರೆದಿಟ್ಟಿದ್ದಾನೆ ಎಂದು ನಾನು ಮೇಜು ಕುಟ್ಟಿ ಹೇಳಿದೆ. ರಾಯರು ನಕ್ಕು, "ಮ್ಯಾಕ್ಸ್‌ವೆಲ್ ಕಾಲದಲ್ಲಿ ಅಪಾರ್ಟ್‌ಮೆಂಟ್ ಇರ್ಲಿಲ್ಲ ಸಾರ್" ಅಂದರು.

ಅವರ ಜೊತೆ ವಾದಿಸಿ ಗೆದ್ದವರಿಲ್ಲ. "ಮೊಬೈಲಿನೊಳಗೆ ಎಷ್ಟುದ್ದದ ಆಂಟೆನಾ ಇದೆ, ಹೇಳಿ?" ಅನ್ನುತ್ತಾರೆ. 900 ಮೆಗಾಹರ್ಟ್ಸ್‌ನಲ್ಲಿ ಅಲೆಯೇ ಒಂದಡಿ ಚಿಲ್ಲರೆ ಇರುತ್ತದೆ, ಅದಕ್ಕೆ ತಕ್ಕ ಆಂಟೆನಾ ಅದು ಎಂದರೆ ಕಿವಿ ಮಂದವಾಗುತ್ತದೆ. "ಮಾರ್ಕೋನಿಗೂ ಪಂಡಿತರೆಲ್ಲ ಆಗಲ್ಲ ಅಂದಿದ್ರು." ಸರಿ ರಾಯರೇ, 1901ರ ಡಿಸೆಂಬರಿನಲ್ಲಿ ನ್ಯೂಫೌಂಡ್‌ಲೆಂಡಿನಲ್ಲಿ ಅಟ್ಲಾಂಟಿಕ್ ಆಚೆಯ ಸಂಕೇತ ಹಿಡಿಯಲು ಆತ ಗಾಳಿಪಟಕ್ಕೆ 500 ಅಡಿ ತಂತಿ ಕಟ್ಟಿ ಹಾರಿಸಿದ್ದ, ಪಿವಿಸಿ ಪೈಪನ್ನಲ್ಲ. ಕೊನೆಯ ಬ್ರಹ್ಮಾಸ್ತ್ರ: "ಎಸ್‌ಡಬ್ಲ್ಯೂಆರ್ ಒಂದಕ್ಕೆ ಒಂದು ತೋರಿಸ್ತಿದೆ!" ಅಂದರೆ ಕಳಿಸಿದ ಶಕ್ತಿ ರೇಡಿಯೋಕ್ಕೆ ವಾಪಸ್ ಬರುತ್ತಿಲ್ಲ ಎಂದು. ಡಮ್ಮಿ ಲೋಡ್ ಎಂಬ ರೆಸಿಸ್ಟರಿನ ಡಬ್ಬಿಯೂ ಅಷ್ಟೇ ತೋರಿಸುತ್ತದೆ. ಅದನ್ನು ಮಾಡಿರುವುದೇ ಏನೂ ಹೊರಗೆ ಹೋಗದಿರಲಿ ಎಂದು.

ಸಣ್ಣ ಆಂಟೆನಾಕ್ಕೆ ಎಷ್ಟು ಸಾಧ್ಯ, ಎಷ್ಟು ಅಸಾಧ್ಯ ಎಂಬುದನ್ನು ವೀಲರ್ 1947ರಲ್ಲೂ ಚು 1948ರಲ್ಲೂ ಲೆಕ್ಕ ಹಾಕಿ ಮುಗಿಸಿದ್ದಾರೆ. ಗಾತ್ರ ಚಿಕ್ಕದಿರಬೇಕು, ದಕ್ಷತೆ ಇರಬೇಕು, ಅಗಲವಾದ ಬ್ಯಾಂಡೂ ಬೇಕು: ಮೂರರಲ್ಲಿ ಒಂದನ್ನು ಬಿಡಲೇಬೇಕು. ಒಂದು ಮೀಟರ್ ಉದ್ದದ ಪೈಪು 7 ಮೆಗಾಹರ್ಟ್ಸ್‌ನಲ್ಲಿ ಅಲೆ ಎಬ್ಬಿಸುವ ರೋಧ, ಎಷ್ಟೇ ಉದಾರವಾಗಿ ಲೆಕ್ಕ ಹಾಕಿದರೂ, ಅರ್ಧ ಓಮ್ ಮುಟ್ಟುವುದಿಲ್ಲ. ಸುರುಳಿಯ ರೋಧವೇ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ನೂರು ವ್ಯಾಟ್ ಕೊಟ್ಟರೆ ಬಹುಪಾಲು ಸುರುಳಿ ಕಾಯಿಸುವುದಕ್ಕೇ ಖರ್ಚು.

ಆದರೆ ಈ ಪೈಪಿನಲ್ಲೇ ಇಟಲಿಯ ಹ್ಯಾಮ್ ಒಬ್ಬರ ಜೊತೆ ಮಾತಾಡಿದೆ ಎಂದು ರಾಯರು ಹೇಳುವುದು ಸುಳ್ಳಲ್ಲ. ಅವರು ಸುಳ್ಳಾಡುವವರೂ ಅಲ್ಲ. ಹಾಗಿದ್ದರೆ ಮಾತಾಡಿದ್ದು ಯಾವುದು?

ಸುಳಿವು ಸಿಕ್ಕಿದ್ದು ಎದುರು ಫ್ಲ್ಯಾಟಿನ ಅಜ್ಜಿಯಿಂದ. ರಾಯರು ಮೈಕ್ ಹಿಡಿದು "ಸಿಕ್ಯೂ ಸಿಕ್ಯೂ" ಎಂದು ಕೇಳುವವರನ್ನು ಕರೆದಾಗಲೆಲ್ಲ ಅಜ್ಜಿಯ ಮನೆಯ ಕರೆಗಂಟೆ ತಾನಾಗಿ ಬಡಿಯುತ್ತಿತ್ತು. ಅವರು ಮೊಣಕಾಲು ಹಿಡಿದುಕೊಂಡು ಬಂದು ಬಾಗಿಲು ತೆರೆಯುವರು, ಯಾರೂ ಇಲ್ಲ. ಒಳಗೆ ಹೋಗಿ ಕೂರುವಷ್ಟರಲ್ಲಿ ರಾಯರು ಇಟಲಿಗೆ ಉತ್ತರ ಕೊಡುತ್ತಿದ್ದರು. ಅಜ್ಜಿ ಮಗನ ಕೈಲಿ ನಿಂಬೆಹಣ್ಣು ಮಂತ್ರಿಸಿ ತರಿಸಿ ಬಾಗಿಲಿಗೆ ಕಟ್ಟಿದರು. ಗಂಟೆ ನಿಲ್ಲಲಿಲ್ಲ. ರಾಯರಿಗೋ ಮೈಕ್ ತುಟಿಗೆ ತಾಗಿದರೆ ಚುರ್ ಅನ್ನುತ್ತಿತ್ತು. ಅದನ್ನು ಅವರು ಆಂಟೆನಾದ ಶಕ್ತಿ ಎಂದುಕೊಂಡಿದ್ದರು.

ನನಗೆ ಅರ್ಥವಾಯಿತು. ಬಾಲ್ಕನಿಯ ಪೈಪಿನಿಂದ ರೇಡಿಯೋದ ತನಕ, ಹಾಲ್ ದಾಟಿ, ದೇವರ ಮನೆ ಬಳಸಿ, ಅಜ್ಜಿಯ ಬಾಗಿಲಿನ ಕಡೆಯ ಗೋಡೆ ಹಿಡಿದು ಕೊಯಾಕ್ಸ್ ಕೇಬಲ್ ಬಂದಿದೆ. ಅದರ ಹೊರಗವಚದ ಮೇಲೆ ಕರೆಂಟು ಹರಿದರೆ ಅಷ್ಟೂ ಉದ್ದವೇ ಆಂಟೆನಾ. ಪೈಪು ನೆಪಕ್ಕೆ. ಎಸ್.ಪಿ. ರಸ್ತೆಗೆ ಹೋಗಿ ದಪ್ಪನೆಯ ಫೆರೈಟ್ ಉಂಗುರಗಳನ್ನು ತಂದೆ. ಲ್ಯಾಪ್‌ಟಾಪ್ ಚಾರ್ಜರಿನ ವೈರಿನಲ್ಲಿ ಗಂಟಿನಂತೆ ಕಾಣುವುದರೊಳಗೆ ಇರುವುದೂ ಅದೇ ಜಾತಿಯದು. ಪೈಪಿನ ಬುಡದಲ್ಲಿ ಕೇಬಲನ್ನು ಅವುಗಳಿಗೆ ಸುತ್ತಿ, ಹೊರಗವಚದ ಕರೆಂಟಿಗೆ ದಾರಿ ಮುಚ್ಚಿದೆ. ಬ್ಯಾಂಡ್ ಸತ್ತುಹೋಯಿತು. ಆಗಷ್ಟೇ ಗಟ್ಟಿಯಾಗಿ ಕೇಳುತ್ತಿದ್ದ ಕೊಲಂಬೊದವರು ಪಿಸುಗುಟ್ಟತೊಡಗಿದರು. ರಾಯರು ಕರೆದರು, ಉತ್ತರವಿಲ್ಲ, ಅಜ್ಜಿಯ ಗಂಟೆಯೂ ಇಲ್ಲ. ನಾನು ಗೆದ್ದವನಂತೆ ಕಾಫಿಗೆ ಕೈಚಾಚಿದೆ.

ರಾಯರು ಉಂಗುರಗಳನ್ನು ಬಿಚ್ಚಿದರು. ಕೊಲಂಬೊ ಬಂತು, ಎದುರುಗಡೆ ಗಂಟೆ ಬಡಿಯಿತು. "ನೋಡಿದ್ರಾ ಸಾರ್? ನಿಮ್ಮ ಫೆರೈಟ್ ಸರಿಯಿಲ್ಲ."

ಇಷ್ಟೆಲ್ಲ ನಷ್ಟವಾದರೂ ಇಟಲಿಗೆ ಹೇಗೆ ಕೇಳಿಸುತ್ತದೆ ಎನ್ನುವಿರಾ? ಆಕಾಶ ಬಹಳ ಉದಾರಿ. ನೂರು ವ್ಯಾಟಿನಲ್ಲಿ ಒಂದೇ ವ್ಯಾಟ್ ಹೊರಟರೂ ಇಳಿಯುವುದು 20 ಡೆಸಿಬೆಲ್, ಅಂದರೆ ಆ ಕಡೆಯ ಮೀಟರಿನಲ್ಲಿ ಮೂರು ಮನೆ ಚಿಲ್ಲರೆ. ಒಂಬತ್ತು ತೋರಿಸಬೇಕಾದಲ್ಲಿ ಆರಕ್ಕೂ ಸ್ವಲ್ಪ ಕೆಳಗೆ. ಆದರೂ ಅವರು "ಫೈವ್ ನೈನ್" ಅಂತಲೇ ಹೇಳುತ್ತಾರೆ, ಮದುವೆ ಮನೆಯಿಂದ ಹೊರಡುವಾಗ ಊಟ ಚೆನ್ನಾಗಿತ್ತು ಅಂದ ಹಾಗೆ. 2017ರಲ್ಲಿ ಎಫ್‌ಟಿ-8 ಎಂಬ ಡಿಜಿಟಲ್ ವಿಧಾನ ಬಂದ ಮೇಲಂತೂ ಕಿವಿಗೆ ಕೇಳದ ಸಂಕೇತವನ್ನೂ ಕಂಪ್ಯೂಟರ್ ಗದ್ದಲದ ಅಡಿಯಿಂದ ಹೆಕ್ಕಿ ಕೊಡುತ್ತದೆ. ರಾಯರ ಗೋಡೆಯ ಭೂಪಟದಲ್ಲಿ ಗುಂಡುಪಿನ್ನುಗಳು ಹೆಚ್ಚುತ್ತಲೇ ಇವೆ.

ಅವರು ಲೈಸೆನ್ಸ್ ಪಡೆದದ್ದು ತಿಪಟೂರಿನ ಕಡೆ ಇದ್ದಾಗ. ಎರಡು ತೆಂಗಿನಮರದ ನಡುವೆ ಪೂರಾ ಡೈಪೋಲ್ ಇತ್ತಂತೆ. ತೋಟ ಪಾಲಾಯಿತು, ಮಗ ಬೆಂಗಳೂರಿಗೆ ಕರೆತಂದ. "ಮರ ತರಕ್ಕಾಗುತ್ತಾ ಸಾರ್?" ಅಂದರು ಒಮ್ಮೆ, ಪೈಪಿನ ಧೂಳು ಒರೆಸುತ್ತ. ನನಗೆ ಥಟ್ಟನೆ ಏನೂ ಹೊಳೆಯಲಿಲ್ಲ. ಚು ಅವರ ಲೆಕ್ಕದಲ್ಲಿ ಇದಕ್ಕೆ ಜಾಗವಿಲ್ಲ.

ನನ್ನ ಶಾಸ್ತ್ರೋಕ್ತ ಡೈಪೋಲಿನ ಒಂದು ತುದಿ ಪಕ್ಕದ ಮನೆಯ ತೆಂಗಿನಮರದಲ್ಲಿದೆ. ಕಾಯಿ ಕೀಳುವವನು ಮರ ಹತ್ತಿದಾಗೆಲ್ಲ ಮೊದಲು ಅದನ್ನು ಕತ್ತರಿಸುತ್ತಾನೆ. ಪಕ್ಕದವರನ್ನು ಒಲಿಸಿಕೊಂಡು ಮತ್ತೆ ಕಟ್ಟುವ ತನಕ ನನ್ನ ದಕ್ಷತೆ ಪುಸ್ತಕದಲ್ಲಷ್ಟೇ. ಆ ದಿನಗಳಲ್ಲಿ ತುಂಡು ತಂತಿ ಸಿಕ್ಕಿಸಿಕೊಂಡು ಬೆಳಗಿನ ನೆಟ್, ಅಂದರೆ ಹ್ಯಾಮ್‌ಗಳೆಲ್ಲ ಬ್ಯಾಂಡಿನಲ್ಲಿ ಸೇರುವ ಹರಟೆ, ಕೇಳುತ್ತೇನೆ. ರಾಯರು ತಪ್ಪದೆ ಹಾಜರ್. ಹೆಸರು ಹೇಳಿ ನನ್ನನ್ನು ವಿಚಾರಿಸುತ್ತಾರೆ, "ಅವರ ಆಂಟೆನಾ ಬಿದ್ದಿರಬೇಕು" ಎಂದು ಎಲ್ಲರಿಗೂ ತಿಳಿಸುತ್ತಾರೆ. ದನಿಯಲ್ಲಿ ಸಂತಾಪವಿರುತ್ತದೆ. ಅದೇ ನನಗೆ ತಡೆಯಲಾಗದ್ದು.

ಈ ಹವ್ಯಾಸಕ್ಕೆ ಹೊಸದಾಗಿ ಬರುವವರಿಗೆ ಇಷ್ಟು ಹೇಳುತ್ತೇನೆ. 66 ಅಡಿ ಜಾಗವಿದ್ದರೆ ತಂತಿ ಕಟ್ಟಿ. ಪವಾಡದ ಪೈಪಿಗಿಂತ ಅಗ್ಗ. ಜಾಗ ಸಾಲದಿದ್ದರೆ ತುದಿಗಳನ್ನು ಬಾಗಿಸಿ ಕಟ್ಟಿ, ಕೆಲಸ ಮಾಡುತ್ತದೆ. ಬಾಲ್ಕನಿ ಬಿಟ್ಟರೆ ಗತಿಯಿಲ್ಲ ಎನ್ನುವವರು ದಪ್ಪ ತಾಮ್ರದ ಪೈಪು ಬಾಗಿಸಿ ಮ್ಯಾಗ್ನೆಟಿಕ್ ಲೂಪ್ ಮಾಡಿಕೊಳ್ಳಿ. ಅದು ಸುಳ್ಳು ಹೇಳದ ಸಣ್ಣ ಆಂಟೆನಾ. ಆವರ್ತನ ಸ್ವಲ್ಪ ಸರಿಸಿದರೂ ಮತ್ತೆ ಟ್ಯೂನ್ ಮಾಡಬೇಕು ಅಷ್ಟೆ. ನೂರು ವ್ಯಾಟ್ ಹರಿಯುವಾಗ ಅದರ ಕೆಪಾಸಿಟರಿನಲ್ಲಿ ಸಾವಿರಾರು ವೋಲ್ಟ್ ಇರುತ್ತದೆ, ಮುಟ್ಟಬೇಡಿ.