ಹಾಡುಗಾರ ರಜೆಯ ಮೇಲೆ

ಡ್ರೀಮ್ ಥಿಯೇಟರ್ ಎಂಬ ಮೆಟಲ್ ತಂಡದ ಅಭಿಮಾನಿಗಳಲ್ಲಿ ಎರಡು ಪಂಗಡ. ಹಾಡುಗಾರ ಜೇಮ್ಸ್ ಲಬ್ರೀಯನ್ನು ತಲೆಯ ಮೇಲೆ ಹೊತ್ತು ತಿರುಗುವವರು ಒಂದು ಕಡೆ. ಈ ಮನುಷ್ಯ ಸ್ವಲ್ಪ ಹೊತ್ತು ಹೊರಗೆ ಹೋಗಿ ಕಾಫಿ ಕುಡಿದು ಬರಬಾರದೇ ಎನ್ನುವವರು ಇನ್ನೊಂದು ಕಡೆ. 2009ರಲ್ಲಿ ಈ ಎರಡನೆಯವರ ಹರಕೆ ಫಲಿಸಿತು. ‘ಬ್ಲ್ಯಾಕ್ ಕ್ಲೌಡ್ಸ್ ಅಂಡ್ ಸಿಲ್ವರ್ ಲೈನಿಂಗ್ಸ್’ ಆಲ್ಬಮ್ಮಿನ ವಿಶೇಷ ಆವೃತ್ತಿಯಲ್ಲಿ ಮೂರು ಸಿ.ಡಿ.ಗಳು. ಮೂರನೆಯದರಲ್ಲಿ ಅವೇ ಆರು ಹಾಡುಗಳು, ಹಾಡುವವನೊಬ್ಬನಿಲ್ಲ. ಒಂದೂಕಾಲು ಗಂಟೆ ಬರೀ ವಾದ್ಯ.

ವೀಣೆಯಲ್ಲಿ ಕೀರ್ತನೆ ನುಡಿಸಿದರೆ ಮಾತಿಲ್ಲದಿದ್ದರೂ ಮಟ್ಟು ತಂತಿಯ ಮೇಲಿರುತ್ತದೆ. ಬಲ್ಲವರು ಒಳಗೊಳಗೇ ಹಾಡಿಕೊಳ್ಳಬಹುದು. ಇಲ್ಲಿ ಹಾಡುಗಾರನನ್ನು ಕಳಿಸುವಾಗ ಮಟ್ಟನ್ನೂ ಅವನ ಜೇಬಿಗೇ ತುರುಕಿ ಕಳಿಸಿದ್ದಾರೆ. ಹೀಗಾಗಿ, ಮಿಂಚಿನ ಬೆರಳಿನ ಗಿಟಾರ್ ವಾದಕ ಜಾನ್ ಪೆಟ್ರೂಚಿ ಒಂದೇ ರಿಫ್ಫನ್ನು ಗರಗರ ಅರೆಯುತ್ತ, ಬಾರದ ಅತಿಥಿಗಾಗಿ ಕಾಯುತ್ತಾನೆ. ಸದಾ ಮೆರೆಯುವವರೆಂದು ಬೈಸಿಕೊಂಡ ತಂಡದವರು ಹಾಡುಗಾರನ ಬೆನ್ನ ಹಿಂದೆ ಇಷ್ಟೊಂದು ವಿನಯವಂತರೇ! ಡ್ರಮ್ಸಿನ ಮೈಕ್ ಪೋರ್ಟ್‌ನಾಯ್ ಮಾತ್ರ ಕಾಯುವ ಜಾಯಮಾನದವನಲ್ಲ, ಸಿಕ್ಕ ಸಂದಿಯಲ್ಲೆಲ್ಲ ಉರುಳಿಸುತ್ತಾನೆ. ಇಷ್ಟು ವರ್ಷ ಯಾರ ಕಿವಿಗೂ ಬೀಳದ ಜಾನ್ ಮ್ಯುಂಗನ ಬೇಸ್ ಗಿಟಾರ್ ಕೊನೆಗೂ ಹಾಜರಿ ಹಾಕುತ್ತದೆ.

ನನಗೆ ಅಚ್ಚುಮೆಚ್ಚು ‘ವಿದರ್’. ಬರೆಯಲು ಕೂತವನಿಗೆ ಒಂದು ಸಾಲೂ ಹೊಳೆಯದ ಸಂಕಟದ ಹಾಡು ಅದು. ಈ ಆವೃತ್ತಿಯಲ್ಲಿ ನಿಜಕ್ಕೂ ಒಂದು ಸಾಲೂ ಹೊಳೆದಿಲ್ಲ. ಮೂಲಕ್ಕಿಂತ ಇದೇ ಪ್ರಾಮಾಣಿಕ! (ಸಂಪಾದಕರಿಗೆ ಖಾಲಿ ಹಾಳೆ ಕಳಿಸಿ ಇದೇ ವಾದ ಹೂಡುವ ಧೈರ್ಯ ಇನ್ನೂ ಬಂದಿಲ್ಲ.) ಕ್ಯಾನ್ಸರಿನಿಂದ ಸಾಯುತ್ತಿದ್ದ ತಂದೆಗಾಗಿ ಪೋರ್ಟ್‌ನಾಯ್ ಬರೆದ ‘ದ ಬೆಸ್ಟ್ ಆಫ್ ಟೈಮ್ಸ್’ನಲ್ಲಿ ತಮಾಷೆ ಬಾಯಿ ಮುಚ್ಚುತ್ತದೆ. ಮಾತೆಲ್ಲ ತೆಗೆದರೂ ಕೊನೆಯ ಗಿಟಾರ್ ಸೋಲೊ ಒಂದೂ ಬಿಡದೆ ಎಲ್ಲವನ್ನೂ ಹೇಳಿಬಿಡುತ್ತದೆ.

ಆದರೆ ಲಬ್ರೀ ಎಲ್ಲಿಗೂ ಹೋಗಿರಲಿಲ್ಲ, ನನ್ನ ಗಂಟಲಿಗೆ ವರ್ಗವಾಗಿದ್ದ. ಖಾಲಿ ಜಾಗ ಬಂದಾಗಲೆಲ್ಲ ಬಾಯಿ ತಾನಾಗಿ ತೆರೆಯುತ್ತಿತ್ತು. ಹತ್ತೊಂಬತ್ತು ನಿಮಿಷದ ‘ದ ಕೌಂಟ್ ಆಫ್ ಟಸ್ಕನಿ’ಯ ನಡುವೆ ಎಲ್ಲ ಅಬ್ಬರವೂ ನಿಂತು, ಗಿಟಾರ್ ಮೋಡದಂತೆ ತೇಲುವ ಭಾಗವಿದೆ. ಆಗ ಹೆಂಡತಿ ಇಣುಕಿದಳು.

“ಮುಗೀತಾ?”

“ಇಲ್ಲ, ಇನ್ನೂ ಇದೆ.”

“ಇಷ್ಟು ಹೊತ್ತು ಕಿರುಚ್ತಿದ್ದವರು ಯಾರು?”

“ಇದ್ರಲ್ಲಿ ಹಾಡೋರಿಲ್ಲ ಕಣೆ. ಅದಕ್ಕೇ ನಾನು...”

“ಅವರಿಗೆಷ್ಟು ಸಂಬಳ ಬಾಕಿ ಇದೆ ಕೇಳಿ,” ಎಂದಳು, “ನಾನೇ ಕೊಡ್ತೀನಿ.”