ಕೋವಿ ಠಾಣೆಯಲ್ಲಿ, ಶಿಕಾರಿ ಕಾವಲಿನಲ್ಲಿ

ಚಳ್ಳಕೆರೆ ಸೀಮೆಯ ಯಾವ ಊರಿಗೆ ಹೋದರೂ ಒಬ್ಬ ಶಿಕಾರಿ ದೊಡ್ಡಪ್ಪ ಸಿಗುತ್ತಾನೆ. ಸಂಬಂಧದಲ್ಲಿ ಅವನು ಯಾರ ದೊಡ್ಡಪ್ಪನೂ ಅಲ್ಲ. ಊರೆಲ್ಲ ಹಾಗೆ ಕರೆಯುತ್ತದೆ, ಅವನೂ ಓಗೊಡುತ್ತಾನೆ. ವಯಸ್ಸು ಅರವತ್ತರ ಆಚೆ, ಎಷ್ಟು ಆಚೆ ಎಂಬುದು ಕೇಳುವವರನ್ನು ಅವಲಂಬಿಸಿದೆ. ಮೈಮೇಲೆ ನಾಲ್ಕು ಜೇಬಿನ ಖಾಕಿ ಅಂಗಿ. ಒಂದರಲ್ಲಿ ಎಲೆ ಅಡಿಕೆ, ಒಂದರಲ್ಲಿ ಬಿಪಿ ಮಾತ್ರೆ, ಮೂರನೆಯದರಲ್ಲಿ ಮಡಚಿ ಮಡಚಿ ಹರಿದುಹೋದ ಕೋವಿ ಲೈಸೆನ್ಸಿನ ಜೆರಾಕ್ಸು. ನಾಲ್ಕನೆಯದು ಖಾಲಿ. ಅದು ಕೋವಿಯ ಕೇಪು ಇಡುವ ಜೇಬಂತೆ, ಬೇರೇನೂ ಹಾಕುವ ಹಾಗಿಲ್ಲ. ಅವನು ಕೊನೆಯ ಸಲ ಹಕ್ಕಿ ಹೊಡೆದದ್ದು ಯಾವಾಗ ಎಂದು ಮಾತ್ರ ಕೇಳಬಾರದು. ಕೇಳಿದರೆ ಹೇಳುತ್ತಾನೆ, ಅದೇ ತೊಂದರೆ.

ಶೇಂಗಾ ಕಿತ್ತು, ಬಣವೆ ಒಟ್ಟಿ, ಕಾಯಿ ಮಾರ್ಕೆಟ್ಟು ಸೇರಿ, ರೇಟು ಬಿದ್ದು, ಎಲ್ಲರೂ ಬೈದು ಸುಸ್ತಾದ ಮೇಲೆ ದೊಡ್ಡಪ್ಪನ ಸೀಜನ್ನು ಶುರುವಾಗುತ್ತದೆ. ಮಾಘ ಕಳೆದು ಯುಗಾದಿ ಬರುವವರೆಗೆ ಈ ಕಡೆ ಹೊಲವೆಲ್ಲ ಬೋಳು. ಕೌಜುಗದ ಬೇಟೆಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ ಎನ್ನುವುದು ಅವನ ಸಿದ್ಧಾಂತ. ಮಳೆಗಾಲದ ಮರಿಗಳು ಅಷ್ಟೊತ್ತಿಗೆ ಬಲಿತಿರುತ್ತವೆ, ಅಡಗಲು ಹುಲ್ಲಿಲ್ಲ, ಉದುರಿದ ಕಾಳಿನಾಸೆಗೆ ಗುಂಪು ಬದು ಬಿಟ್ಟು ಕದಲುವುದಿಲ್ಲ. ಅಮೆರಿಕದವರು, ಇಂಗ್ಲೆಂಡಿನವರು ಫೆಸೆಂಟ್ ಎಂಬ ಉದ್ದ ಬಾಲದ ಹಕ್ಕಿಗೂ ಹೀಗೇ ಸೀಜನ್ನಿನ ಕೊನೆಗೆ ಗೆಳೆಯರನ್ನೂ ನಾಯಿಗಳನ್ನೂ ಕಟ್ಟಿಕೊಂಡು ಹೊರಡುತ್ತಾರೆ. ಪಕ್ಷಿಶಾಸ್ತ್ರದವರ ಲೆಕ್ಕದಲ್ಲಿ ನಮ್ಮ ಕೌಜುಗ, ಬುರ್ಲಿ, ನವಿಲು, ಕೊನೆಗೆ ಹಿತ್ತಲ ಕೋಳಿಯೂ ಆ ಫೆಸೆಂಟಿನ ಮನೆತನವೇ. ಇದನ್ನು ದೊಡ್ಡಪ್ಪನಿಗೆ ಹೇಳಿದೆ. "ಹಂಗಾರೆ ಬಸ್‌ಸ್ಟ್ಯಾಂಡ್ ಎದುರಿನ ಚಿಕನ್ ಸೆಂಟ್ರಿನೋನೂ ಶಿಕಾರಿನೇ ಅನ್ನು" ಅಂದ.

ಕಾನೂನಿನ ವಿಷಯದಲ್ಲಿ ದೊಡ್ಡಪ್ಪ ಪಂಡಿತ. 1972ರಲ್ಲಿ ವನ್ಯಜೀವಿ ಕಾಯ್ದೆ ಬಂದಾಗ ಲೈಸೆನ್ಸ್ ಪಡೆದವರಿಗೆ ಸಣ್ಣಪುಟ್ಟ ಬೇಟೆಗೆ ಇನ್ನೂ ದಾರಿಯಿತ್ತು. 1991ರ ತಿದ್ದುಪಡಿ ಆ ಬಾಗಿಲನ್ನೂ ಹಾಕಿತು. ನವಿಲಿನ ತಂಟೆಗೆ ಹೋದವನಿಗೆ ಮೂರರಿಂದ ಏಳು ವರ್ಷ ಜೈಲು. ಇವೆಲ್ಲ ಅವನ ನಾಲಿಗೆ ತುದಿಯಲ್ಲಿವೆ. ತಾನು ಬೇಟೆ ಬಿಟ್ಟದ್ದು ಗುರಿ ತಪ್ಪತೊಡಗಿದ್ದರಿಂದಲ್ಲ, ಸಂಸತ್ತು ಕೈಮುಗಿದು ಕೇಳಿಕೊಂಡಿದ್ದರಿಂದ ಎಂಬ ಧಾಟಿಯಲ್ಲಿ ಹೇಳುತ್ತಾನೆ.

ಕೋವಿಯ ಕಥೆಯೇ ಬೇರೆ. ಬೆಳೆ ರಕ್ಷಣೆಗೆಂದು ಅಪ್ಪನ ಕಾಲದಲ್ಲಿ ಮಂಜೂರಾದ ಒಂಟಿ ನಳಿಗೆಯ ಕೇಪಿನ ಕೋವಿ ಅದು. ಶೇಂಗಾ ಹೊಲಕ್ಕೆ ರಾತ್ರಿ ಹಂದಿ ಬಿದ್ದರೆ ಒಂದು ಸದ್ದು ಮಾಡಲು ಇರಲಿ ಎಂದು ಇಟ್ಟುಕೊಂಡದ್ದು. ಆದರೆ ಚುನಾವಣೆ ಘೋಷಣೆಯಾದ ಕೂಡಲೇ ಲೈಸೆನ್ಸಿನ ಕೋವಿಗಳನ್ನು ಠಾಣೆಗೆ ಒಪ್ಪಿಸಬೇಕು. 2023ರಲ್ಲಿ ವಿಧಾನಸಭೆ ಬಂತು, 2024ರಲ್ಲಿ ಲೋಕಸಭೆ ಬಂತು, ಎರಡು ಸಲವೂ ನೀತಿಸಂಹಿತೆ ಜಾರಿಯಾದದ್ದು ಮಾರ್ಚ್ ತಿಂಗಳಲ್ಲಿ, ಅವನ ಸೀಜನ್ನಿನ ಆಸುಪಾಸಿನಲ್ಲೇ. "ಡೆಮಾಕ್ರಸಿಗೆ ನನ್ ಕೋವಿ ಕಂಡ್ರೆ ನಡುಕ ಕಣಪ್ಪ" ಅನ್ನುತ್ತಾನೆ. ಒಪ್ಪಿಸುವಾಗ ಕಾಲು ಲೀಟರ್ ಶೇಂಗಾ ಎಣ್ಣೆಯನ್ನೂ ಕೊಟ್ಟು, ವಾರಕ್ಕೊಮ್ಮೆ ನಳಿಗೆಗೆ ಸವರಿ ಎಂದು ಹೇಳಿ ಬರುತ್ತಾನೆ. ಬಿಡಿಸಿಕೊಂಡು ಬಂದ ಕೋವಿಯ ಬಣ್ಣ ನೋಡಿದರೆ ಎಣ್ಣೆ ಬೇರೆ ಯಾವುದೋ ಒಳ್ಳೆಯ ಕೆಲಸಕ್ಕೆ ಬಳಕೆಯಾದಂತೆ ಕಾಣುತ್ತದೆ. ಚುನಾವಣೆ ಇಲ್ಲದ ವರ್ಷಗಳಲ್ಲೂ ದೊಡ್ಡಪ್ಪ ಅದನ್ನು ಬೇಗ ಬಿಡಿಸಿಕೊಳ್ಳುವುದಿಲ್ಲ. ಮನೆಯಲ್ಲಿದ್ದರೆ ಹೆಂಡತಿ ಅದರ ಮೇಲೆ ಟವೆಲ್ ಒಣಗಹಾಕುತ್ತಾಳೆ. ಠಾಣೆಯಲ್ಲಿ ಅದಕ್ಕೆ ಮರ್ಯಾದೆ ಇದೆ, ರಿಜಿಸ್ಟರಿನಲ್ಲಿ ಹೆಸರಿದೆ.

ಹಾಗಾಗಿ ನಾನು ಜೊತೆಗೆ ಹೋದ ದಿನ ತಂಡದಲ್ಲಿ ನಾಯಿಗಳಿದ್ದವು, ಗೆಳೆಯರಿದ್ದರು, ಬುತ್ತಿಯಿತ್ತು, ಕೋವಿ ಇರಲಿಲ್ಲ. ಅದರ ಸ್ಥಾನದಲ್ಲಿ ಒಂದು ಊರುಗೋಲಿತ್ತು.

ನಾಯಿಗಳ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಸುಲ್ತಾನ ಮುಧೋಳದಿಂದ ಬಂದವನು. ಮುಧೋಳದ ಘೋರ್ಪಡೆ ರಾಜರು ಇಂಥದ್ದೇ ಜೋಡಿಯನ್ನು ಐದನೇ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟಿದ್ದರು, ಈಚೆಗೆ ಮಿಲಿಟರಿಯವರೂ ಈ ತಳಿಯನ್ನು ಒಯ್ದರು, ಅಂಚೆಚೀಟಿಯ ಮೇಲೂ ಇದರ ಮುಖ ಬಂತು. ಇಷ್ಟನ್ನೂ ಬೆಳಗಿನ ಟೀ ಮುಗಿಯುವುದರೊಳಗೆ ದೊಡ್ಡಪ್ಪ ಹೇಳಿ ಮುಗಿಸಿದ. ಉದ್ದ ಮೂತಿ, ಒಳಸೇರಿದ ಹೊಟ್ಟೆ, ಎಣಿಸಬಹುದಾದ ಪಕ್ಕೆಲುಬು. ಮೈಮೇಲಿನ ಕೂದಲು ತೀರ ಗಿಡ್ಡವಾದ್ದರಿಂದ ಬೆಳಗಿನ ಥಂಡಿಗೆ ಗಡಗಡ ನಡುಗುತ್ತಿದ್ದ. ಹಳೇ ಕಂಬಳಿ ಕತ್ತರಿಸಿ, ಬೆನ್ನ ಮೇಲೆ ಹೊದಿಸಿ, ಹೊಟ್ಟೆಯ ಕೆಳಗೆ ಸೀರೆಯ ಅಂಚಿನಿಂದ ಕಟ್ಟಿದ್ದರು. ಅಂಚು ಮೊಳಕಾಲ್ಮೂರು ರೇಷ್ಮೆಯದು. ಈ ಸೀರೆ ಯಾರದು ಎಂದು ಕೇಳಿದ್ದಕ್ಕೆ ದೊಡ್ಡಪ್ಪ ಸುತ್ತ ನೋಡಿ "ಮೆಲ್ಲಗೆ ಮಾತಾಡು" ಅಂದ.

ತೊಂದರೆ ಏನೆಂದರೆ ಮುಧೋಳದ ನಾಯಿ ಕಣ್ಣಿನ ಬೇಟೆಗಾರ. ಬಯಲಿನಲ್ಲಿ ಮೊಲ ಕಂಡರೆ ಬಾಣ. ಪೊದೆಯೊಳಗೆ ಮೂಸಿ ಹಕ್ಕಿ ಎಬ್ಬಿಸುವುದು ಅದರ ಕುಲಕಸುಬಲ್ಲ. ಹುಲ್ಲಿನೊಳಗೆ ಕೌಜುಗ ಕೂತಿದೆ ಎಂದು ಹೇಳಿದರೆ, ಎಲ್ಲಿದೆ ತೋರಿಸು ಎಂಬ ಮುಖದಿಂದ ಅದು ದೂರದ ಗಾಳಿಯಂತ್ರಗಳನ್ನು ನೋಡುತ್ತ ನಿಲ್ಲುತ್ತದೆ. ಜೊತೆಗೆ ಭಾಷೆಯ ಸಮಸ್ಯೆ ಬೇರೆ. ಆಂಧ್ರದ ಗಡಿಗೆ ಅಂಟಿಕೊಂಡ ಈ ಕಡೆ ಎತ್ತಿಗೂ ನಾಯಿಗೂ ತೆಲುಗಿನಲ್ಲಿ ಗದರಿಸುವುದು ವಾಡಿಕೆ. ಸುಲ್ತಾನ ಬಾಗಲಕೋಟೆ ಜಿಲ್ಲೆಯವನು. 'ರಾ ರಾ' ಎಂದು ಗಂಟಲು ಹರಿದುಕೊಂಡರೂ ಕಿವಿ ಅಲ್ಲಾಡಿಸದವನು, 'ಬಾರಲೇ ಮಗನs' ಅಂದರೆ ಕೂಡಲೇ ಬರುತ್ತಿದ್ದ. ನಿಜವಾದ ಕೆಲಸ ಮಾಡುತ್ತಿದ್ದದ್ದು ಯಾರೂ ಕರೆಯದೆ ನಾವು ಬಂದ ಓಮ್ನಿ ವ್ಯಾನಿನ ಹಿಂದೆ ಓಡಿಬಂದಿದ್ದ ಬೀದಿನಾಯಿ ಕರಿಯ. ಅದಕ್ಕೆ ವಂಶಾವಳಿಯಿಲ್ಲ, ಕಂಬಳಿಯಿಲ್ಲ. ಬಂದರೆ ಗಿಡದ ಬುಡ, ಕಾರೆ ಕಂಟಿ, ಬಳ್ಳಾರಿ ಜಾಲಿಯ ನೆರಳು, ಒಂದನ್ನೂ ಬಿಡದೆ ಮೂಸುತ್ತಿತ್ತು.

ಗೆಳೆಯರು ಮೂವರು. ರಿಟೈರಾದ ಡ್ರಿಲ್ ಮೇಷ್ಟ್ರು ಕೊರಳಲ್ಲಿ ಈಗಲೂ ಸೀಟಿ ಹಾಕಿಕೊಂಡೇ ಇರುತ್ತಾರೆ. ಹಕ್ಕಿ ಏಳುವ ಮೊದಲೇ ಊದಿ ಎಬ್ಬಿಸುವುದರಲ್ಲಿ ನಿಪುಣರು. ಎರಡನೆಯವನು ಎಣ್ಣೆ ಮಿಲ್ಲಿನಲ್ಲಿ ಗುಮಾಸ್ತನಾಗಿದ್ದವನು. ಅಲ್ಲಿ ತೇವಾಂಶವೆಂದು ಪ್ರತಿ ಮೂಟೆಗೂ ಒಂದಿಷ್ಟು ಕಳೆಯುತ್ತಿದ್ದ, ಇಲ್ಲಿ ಹಕ್ಕಿಯ ಲೆಕ್ಕಕ್ಕೆ ಅದನ್ನೆಲ್ಲ ಕೂಡುತ್ತಾನೆ. ಮೂರನೆಯವನು ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಬೋರ್‌ವೆಲ್ ಪಾಯಿಂಟ್ ತೋರಿಸುವವನು. ಕೌಜುಗ ಎಲ್ಲಿದೆ ಎಂಬುದನ್ನೂ ಅದೇ ಕಾಯಿಂದ ನೋಡುತ್ತಾನೆ. ಅವನು ತೋರಿಸಿದ ಕಡೆ ನೀರೂ ಬಂದಿಲ್ಲ, ಹಕ್ಕಿಯೂ ಎದ್ದಿಲ್ಲ. ಆದರೂ ಎರಡಕ್ಕೂ ಅವನಿಲ್ಲದೆ ಯಾರೂ ಹೊರಡುವುದಿಲ್ಲ.

ಕಾವಲಿಗೆ ಹೋದರೆ ಎದುರಾಗುವುದು ಗೋಡೆ. ಅಮೃತ ಮಹಲ್ ಕಾವಲೆಂದರೆ ಮೈಸೂರಿನ ಸೈನ್ಯದ ಫಿರಂಗಿ ಎಳೆಯುವ ಎತ್ತುಗಳು ಮೇಯುತ್ತಿದ್ದ ಹುಲ್ಲುಗಾವಲು. ಕುದಾಪುರ, ಉಳ್ಳಾರ್ತಿ ಕಡೆಯ ಆ ಹುಲ್ಲಿನಲ್ಲಿ ಸಾವಿರಾರು ಎಕರೆ ಈಗ ಡಿಆರ್‌ಡಿಓ, ಭಾಭಾ ಅಣು ಸಂಶೋಧನಾ ಕೇಂದ್ರ, ಐಐಎಸ್ಸಿಗಳ ಕೈಯಲ್ಲಿದೆ. ಒಟ್ಟಿನಲ್ಲಿ ಕಾವಲು ಮತ್ತೆ ಸೈನ್ಯದ ಲೆಕ್ಕಕ್ಕೇ ಹೋಯಿತು, ಎತ್ತಿನ ಬದಲು ಡ್ರೋನು. ಕುರಿ ಮೇಯಿಸುವವರು ಈ ಗೋಡೆಯ ಬಗ್ಗೆ ಹೇಳುವುದನ್ನು ಕೇಳಿದರೆ ನಗು ಬರುವುದಿಲ್ಲ. ಅದನ್ನು ಬರೆಯಲು ಬೇರೆ ಲೇಖನ ಬೇಕು. ಮೊಲಗಳಿಗೆ ಮಾತ್ರ ಒಳ್ಳೆಯದಾಗಿದೆ. ಅವತ್ತು ಒಂದು ಮೊಲ ಎದ್ದದ್ದೇ ತಡ, ಸುಲ್ತಾನ ಕಂಬಳಿ ಕಿತ್ತೊಗೆದು ಹಾರಿದ. ಆ ಓಟವನ್ನು ನೋಡಬೇಕು. ಮುಂಗಾಲು ಹಿಂಗಾಲು ಒಂದಾಗಿ, ಬೆನ್ನು ಬಿಲ್ಲಾಗಿ, ನೆಲವನ್ನೇ ಮುಟ್ಟುತ್ತಿಲ್ಲ. ಡ್ರಿಲ್ ಮೇಷ್ಟ್ರು ಸೀಟಿ ಊದುವುದನ್ನೇ ಮರೆತರು. ಇನ್ನೊಂದು ಮಾರು ಅನ್ನುವಷ್ಟರಲ್ಲಿ ಮೊಲ ಗೋಡೆಯ ಕೆಳಗಿನ ಮಳೆನೀರಿನ ಕಿಂಡಿಯಲ್ಲಿ ತೂರಿ ಒಳಗೆ ಹೋಯಿತು. ಸುಲ್ತಾನ ಗೋಡೆಗೆ ಮೂತಿಯಿಟ್ಟು ನಿಂತ. "ಹೋಗ್ಲಿ ಬಿಡು" ಅಂದ ದೊಡ್ಡಪ್ಪ, "ಅದೀಗ ರಕ್ಷಣಾ ಇಲಾಖೇಲಿ ಸೇರ್ಕಂತು."

ಗೋಡೆಯಾಚೆ ಏನೇನು ಹಾರುತ್ತದೆ ಎಂಬುದು ಅವನಿಗೆ ಗೊತ್ತು. 2023ರ ಏಪ್ರಿಲ್ 2ರಂದು ಇಸ್ರೋದವರು ರೆಕ್ಕೆಯ ರಾಕೆಟ್ಟನ್ನು ಹೆಲಿಕಾಪ್ಟರಿಗೆ ನೇತುಹಾಕಿ ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಬಿಟ್ಟಾಗ, ಅದು ತಾನಾಗಿಯೇ ಇಲ್ಲಿನ ರನ್‌ವೇಗೆ ಬಂದು ಇಳಿದಿತ್ತು. "ನಮ್ ಕೌಜುಗ ದಿನಾ ಇಳೀತೈತೆ, ಒಂದಿನ ಪೇಪರ್ನಾಗೆ ಬಂದೈತಾ?" ಎನ್ನುವುದು ದೊಡ್ಡಪ್ಪನ ದೂರು. ಇನ್ನು 2019ರ ಸೆಪ್ಟೆಂಬರಿನಲ್ಲಿ ಡಿಆರ್‌ಡಿಓದ ರುಸ್ತುಂ ಡ್ರೋನು ಜೋಡಿಚಿಕ್ಕೇನಹಳ್ಳಿಯ ಬಳಿ ತೋಟಕ್ಕೆ ಬಿದ್ದ ಪ್ರಸಂಗ. ಅದನ್ನು ತಾನು ಹೊಡೆದೆನೆಂದು ದೊಡ್ಡಪ್ಪ ಇವತ್ತಿನವರೆಗೆ ಎಲ್ಲೂ ಹೇಳಿಲ್ಲ. ಯಾರಾದರೂ ಆ ಮಾತೆತ್ತಿದರೆ ಮೀಸೆ ಸವರಿಕೊಂಡು, "ಆ ವಿಷ್ಯ ಬ್ಯಾಡ, ದೇಶದ ಭದ್ರತೆ ಪ್ರಶ್ನೆ" ಅನ್ನುತ್ತಾನೆ, ಅಷ್ಟೆ.

ಎರೆಭೂತದ ಬಗ್ಗೆ ಮಾತ್ರ ಅವನು ಕಥೆ ಕಟ್ಟುವುದಿಲ್ಲ. ಸೊಂಟದೆತ್ತರದ ಹುಲ್ಲುಗಾವಲ ಹಕ್ಕಿ ಅದು. ಈಗ ರಾಜ್ಯದಲ್ಲಿ ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಯಷ್ಟು ಉಳಿದಿವೆ. ನೀನು ನೋಡಿದ್ದೀಯಾ ಎಂದೆ. "ನಮ್ ತಾತ ನೋಡಿದ್ದ. ನಾನು ನೋಡಿಲ್ಲ." ಅವನ ಬಾಯಿಂದ 'ನೋಡಿಲ್ಲ' ಎಂಬ ಮಾತು ಬಂದದ್ದಕ್ಕೆ ಗುಮಾಸ್ತನೂ ತಿರುಗಿ ನೋಡಿದ.

ಬಿಸಿಲೇರುವ ಮೊದಲು ಒಂದು ಬದುವಿನ ಹತ್ತಿರ ದೊಡ್ಡಪ್ಪ ಎಲ್ಲರನ್ನೂ ಕೂರಿಸಿದ. ಎಲೆ ಅಡಿಕೆ ಉಗಿದು, ಎರಡು ಬೆರಳು ತುಟಿಗಿಟ್ಟು 'ಕಟ್ಟೀತರ್, ಕಟ್ಟೀತರ್' ಎಂದು ಕರೆದ. ಮೊದಲು ಏನೂ ಇಲ್ಲ. ಮತ್ತೆ ಕರೆದ. ಜಾಲಿಯ ಕಡೆಯಿಂದ ಗಂಡು ಹಕ್ಕಿಯೊಂದು ರೇಗಿ ಉತ್ತರ ಕೊಟ್ಟಿತು. ಯಾರೋ ತನ್ನ ಸೀಮೆಗೆ ಕಾಲಿಟ್ಟಿದ್ದಾನೆಂದು ಅದಕ್ಕೆ ಸಿಟ್ಟು. ಕರೆ ಹತ್ತಿರವಾಗುತ್ತ ಬಂತು, ಕೊನೆಗೆ ಹುಲ್ಲಿನ ಸಂದಿಯಲ್ಲಿ ಕೆಂಗಾಲು ಕಾಣಿಸಿತು. ಕೌಜುಗ ಸಾಧ್ಯವಾದಷ್ಟು ಹಾರುವುದಿಲ್ಲ, ತಲೆ ತಗ್ಗಿಸಿ ಓಡುತ್ತದೆ. ಕುತ್ತಿಗೆಯ ಮೇಲಿನ ಸಣ್ಣ ಸಣ್ಣ ಗೆರೆ, ಗಂಟಲ ಸುತ್ತ ಬರೆದ ಕಪ್ಪು ಸರ, ಕಾಲಿನ ಮುಳ್ಳು, ಎಲ್ಲ ಕಾಣುವಷ್ಟು ಹತ್ತಿರ ಬಂದು ಅದು ನಮ್ಮನ್ನು ಗುರಾಯಿಸಿತು. ಹೆಗ್ಗಳಿಕೆಯಲ್ಲಿ ಎಷ್ಟೇ ಸುಳ್ಳಿರಲಿ, ಈ ವಿದ್ಯೆ ಸುಳ್ಳಲ್ಲ. ಬೆಂಗಳೂರಿನ ಕ್ಯಾಮೆರಾದವರು ಲಕ್ಷಗಟ್ಟಲೆಯ ಲೆನ್ಸು ಹೊತ್ತುಕೊಂಡು ಬಂದು ಇದಕ್ಕಾಗಿಯೇ ಇವನ ಮನೆ ಬಾಗಿಲು ತಟ್ಟುತ್ತಾರೆ.

ಅಷ್ಟರಲ್ಲಿ ಕರಿಯ ಹಿಂದಿನಿಂದ ನುಗ್ಗಿತು, ಮೇಷ್ಟ್ರು ಸೀಟಿ ಊದಿದರು. ಭರ್ರನೆ ಐದು ಹಕ್ಕಿ ಎದ್ದವು. ದೊಡ್ಡಪ್ಪ ಊರುಗೋಲನ್ನು ಹೆಗಲಿಗೇರಿಸಿ, ಒಂದು ಕಣ್ಣು ಮುಚ್ಚಿ, ಹಕ್ಕಿಗಿಂತ ಒಂದು ಗೇಣು ಮುಂದೆ ಗುರಿಹಿಡಿದು ತಿರುಗಿಸುತ್ತ "ಢಂ" ಅಂದ. ಒಂಟಿ ನಳಿಗೆಯ ಕೋವಿಯಾದ್ದರಿಂದ ಒಂದೇ ಸಲ ಅಂದ. ಆ ಮಟ್ಟಿಗೆ ಅವನು ಪ್ರಾಮಾಣಿಕ. ಹಕ್ಕಿಗಳು ಆಚೆ ಹುರುಳಿ ಹೊಲದಲ್ಲಿ ಇಳಿದವು. "ಎರಡು ಬಿದ್ವು" ಎಂದು ತೀರ್ಪು ಕೊಟ್ಟು ಕೋಲು ಇಳಿಸಿದ.

ಬುತ್ತಿ ಬಿಚ್ಚಿದಾಗ ಗುಮಾಸ್ತನ ಪ್ರಕಾರ ಎದ್ದದ್ದು ಒಂಬತ್ತು. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ ಮುಗಿಯುವ ಹೊತ್ತಿಗೆ ಡಜನ್ನು. ಸುಲ್ತಾನ ನಾಲ್ಕು ರೊಟ್ಟಿ ತಿಂದು ಕಂಬಳಿಯೊಳಗೆ ಮಲಗಿದ. ಕರಿಯನಿಗೆ ಅರ್ಧ ಸಿಕ್ಕಿತು.

ಮಧ್ಯಾಹ್ನದ ಮೇಲೆ ಓಮ್ನಿ ಮೊಳಕಾಲ್ಮೂರಿನ ಕಡೆ ತಿರುಗಿ, ಬ್ರಹ್ಮಗಿರಿಯ ಬುಡದಲ್ಲಿ ನಿಂತಿತು. ಅಶೋಕನ ಶಾಸನದ ಬಂಡೆ ಅಲ್ಲಿದೆ, ಊರವರ ಬಾಯಲ್ಲಿ ಅದು ಅಕ್ಷರಗುಂಡು. ತಂದೆ ತಾಯಿಯ ಮಾತು ಕೇಳಬೇಕು, ಪ್ರಾಣಿಗಳ ವಿಷಯದಲ್ಲಿ ದಯೆ ಗಟ್ಟಿಯಾಗಿರಬೇಕು, ಸತ್ಯ ನುಡಿಯಬೇಕು ಎಂದು ಸಾಮ್ರಾಟ ಎರಡು ಸಾವಿರ ವರ್ಷಗಳಿಗೂ ಹಿಂದೆ ಇಲ್ಲಿ ಕೆತ್ತಿಸಿದ. ನಾಡಿನಲ್ಲಿ ಇಷ್ಟೊಂದು ಬಂಡೆಗಳಿರುವಾಗ ಬೇಡರ ಸೀಮೆಯ ನಟ್ಟನಡುವೆಯೇ ಏಕೆ ಕೆತ್ತಿಸಿದನೋ, ಏನೋ ಸುದ್ದಿ ಮುಟ್ಟಿರಬೇಕು. ದೊಡ್ಡಪ್ಪನಿಗೆ ಅಶೋಕನ ಮೇಲೆ ಸಿಟ್ಟಿಲ್ಲ. "ಆತನ ಅಡುಗೆಮನೇಲೂ ದಿನಾ ಎರಡು ನವಿಲು, ಒಂದು ಜಿಂಕೆ ಆಗ್ತಿತ್ತು, ಬೇರೆ ಬಂಡೆ ಮ್ಯಾಲೆ ಆತನೇ ಬರ್ಸವ್ನೆ. ಮೆಲ್ಲಮೆಲ್ಲಗೆ ಬಿಟ್ಟ. ನಾನೂ ಹಂಗೇ" ಅಂದ. ಈ ಮಾತು ನಿಜ, ಗಡಿಯಾಚೆ ಎರ್ರಗುಡಿಯ ಬಂಡೆಯ ಮೇಲೂ ಅದು ಇದೆ. ಶಾಸನದ ಪ್ರಾಣಿದಯೆಯ ಭಾಗವನ್ನು ದೊಡ್ಡಪ್ಪ 1991ರಿಂದ ಚಾಚೂ ತಪ್ಪದೆ ಪಾಲಿಸುತ್ತಿದ್ದಾನೆ. ಸತ್ಯ ನುಡಿಯುವ ಭಾಗಕ್ಕೆ ಇನ್ನೂ ಸ್ವಲ್ಪ ಕಾಲಾವಕಾಶ ಬೇಕಂತೆ.

ವಾಪಸು ಬರುವಾಗ ಚಳ್ಳಕೆರೆಯ ಪೇಟೆಯಲ್ಲಿ ಗಾಡಿ ನಿಲ್ಲಿಸಿ, ದೊಡ್ಡಪ್ಪ ಒಬ್ಬನೇ ಇಳಿದುಹೋಗಿ, ಕಪ್ಪು ಕವರೊಂದನ್ನು ಅಂಗಿಯೊಳಗೆ ಅಡಗಿಸಿಕೊಂಡು ಬಂದ. ಮನೆಯಲ್ಲಿ ದೊಡ್ಡಮ್ಮ ಬೆಳಗ್ಗೆಯೇ ಮಸಾಲೆ ಅರೆದಿಟ್ಟಿದ್ದಳು. ಗಂಡ ಬೇಟೆಗೆ ಹೊರಟನೆಂದರೆ ಕುರಿ ಮಾಂಸ ಬರುತ್ತದೆ ಎಂಬುದರಲ್ಲಿ ಅವಳಿಗೆ ಯಾವತ್ತೂ ಸಂಶಯವಿಲ್ಲ. "ಅರ್ಧ ಕೇಜೀನೋ, ಒಂದೋ?" ಎಂದಷ್ಟೇ ಕೇಳಿ ಕವರು ಇಸಿದುಕೊಂಡಳು. ಜಗಲಿಯಲ್ಲಿ ಗುಮಾಸ್ತನ ಲೆಕ್ಕ ನಲವತ್ತು ದಾಟಿತ್ತು, ಸುಲ್ತಾನ ಗೋಡೆ ಹಾರಿ ಮೊಲ ತಂದಿದ್ದ, ಕಾಯಿ ನೋಡುವವನು ಹಕ್ಕಿಯ ಜಾಗವನ್ನು ಹಿಂದಿನ ರಾತ್ರಿಯೇ ಹೇಳಿದ್ದ. ಕರಿಯನ ಹೆಸರು ಯಾರೂ ಎತ್ತಲಿಲ್ಲ.

ಊಟಕ್ಕೆ ಕೂತಾಗ ಮೊಮ್ಮಗ ತಟ್ಟೆಯಿಂದ ಒಂದು ನಲ್ಲಿ ಮೂಳೆ ಎತ್ತಿ ಬೆಳಕಿಗೆ ಹಿಡಿದ.

"ತಾತ, ಕೌಜುಗಕ್ಕೆ ಇಷ್ಟು ದಪ್ಪ ಮೂಳೆ ಇರ್ತದಾ?"

ದೊಡ್ಡಪ್ಪ ಮುದ್ದೆ ಮುರಿಯುತ್ತ, ತಲೆಯೆತ್ತದೆ ಹೇಳಿದ: "ಸೀಜನ್ ಕೊನೇದು ಕಣ್ಲಾ. ಬಲ್ತಿರ್ತಾವೆ."